ಪಾರ್ಸಲ್ ಬಾಗಿಲಲ್ಲಿ ಕೂತ ಸಂಶೋಧನೆ

ಮೊನ್ನೆ ಬೆಳಿಗ್ಗೆ ಪಾರ್ಸಲ್ ಡಬ್ಬಿ ಬಿಚ್ಚಿದಾಗ ಹಸಿರು ಬಳೆಗಳು ಕಾಣುವ ಮೊದಲೇ ಟೇಪಿನ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಅಂದು ನಮ್ಮ ಮನೆಯಲ್ಲಿ ತಂಗಿಯ ಮಗಳ ಕುಬಸ. ಬಸುರಿಗೆ ಹಸಿರು ಬಳೆ ಇಡಿಸುವ ದಿನಕ್ಕೆ ಬಳೆಗಳನ್ನು ಫೋನಿನಲ್ಲಿ ತರಿಸುವ ಗತಿ ನನಗೆ ಬಂದಿತ್ತು ನೋಡಿ! ಮೊಣಕಾಲು ನೋವು, ಪೇಟೆಗೆ ಹೋಗಲಾರೆ. ಬಂದ ಬಳೆಗಳೋ, ಹುಡುಗಿಯ ಕೈಗೆ ಏರಲೇ ಇಲ್ಲ. ಬಸುರಿನಲ್ಲಿ ಕೈ ಊದಿಕೊಳ್ಳುತ್ತದೆ ಎಂದು ಫೋನಿಗೆ ಹೇಗೆ ಗೊತ್ತಾಗಬೇಕು?

ಹಿಂದೆ ಈ ಗೋಳಿರಲಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಓಣಿಯ ಬಾಯಲ್ಲೇ ಮೆಹಬೂಬ್ ಕಾಕಾನ ಬಳೆ ಅಂಗಡಿ ಇತ್ತು. ಕಾಕಾನಿಗೆ ವಯಸ್ಸಾದ ಮೇಲೆ ಮಗಳು ಶಾಹೀನ್ ಪಕ್ಕದಲ್ಲಿ ಕೂತು ಕೆಲಸ ಕಲಿತಳು. ಮುಂದೆ ಅಂಗಡಿ ತಾನೇ ನಡೆಸಬೇಕೆಂಬುದೊಂದೇ ಅವಳ ಆಸೆ.

ಅಷ್ಟರಲ್ಲಿ ನಮ್ಮ ನಡುವೆ ಸಂಶೋಧಕರೊಬ್ಬರು ಅವತರಿಸಿದರು. ವಿದ್ಯಾನಗರದ ಕಾಲೇಜೊಂದರ ಪ್ರಾಧ್ಯಾಪಕರು, ನಮ್ಮ ಮಾಳಿಗೆಯ ಬಾಡಿಗೆದಾರರು. ಹುಬ್ಬಳ್ಳಿ-ಧಾರವಾಡದ ಹೆಣ್ಣುಮಕ್ಕಳು ಆನ್‌ಲೈನಿನಲ್ಲಿ ಹೇಗೆ ಕೊಳ್ಳುತ್ತಾರೆ ಎಂಬುದು ಅವರ ವಿಷಯ. ಬಿಸಿಲಲ್ಲಿ ಓಣಿ ಓಣಿ ತಿರುಗುವುದು ವಿದ್ವತ್ತಿಗೆ ಒಗ್ಗದ ಕೆಲಸ. ಅದಕ್ಕೇ ಆನ್‌ಲೈನಿನಲ್ಲಿ ತರಿಸಿದ್ದು ಬಂದಿಳಿಯುವ ಉಣಕಲ್ಲಿನ ಪಾರ್ಸಲ್ ಮಳಿಗೆಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಪಾರ್ಸಲ್ ಹಿಡಿದು ಹೊರಬಂದವರನ್ನೇ ನಿಲ್ಲಿಸಿ, "ನೀವು ಆನ್‌ಲೈನಿನ್ಯಾಗ ತಗೋತೀರೇನ್ರಿ?" ಎಂದು ಕೇಳಿದರು. ಪಂಕ್ತಿಯಲ್ಲಿ ಎಲೆ ಮುಂದೆ ಕೂತವರನ್ನಷ್ಟೇ ಕೇಳಿ, ಈ ಊರಲ್ಲಿ ಉಪವಾಸ ಮಾಡುವವರೇ ಇಲ್ಲ ಎಂದು ಬರೆದಂತಾಯಿತು.

"ಬಳಿ ಅಂಗಡಿ ಮುಂದೂ ಒಮ್ಮೆ ನಿಂತು ಕೇಳ್ರಲಾ ಸರ," ಎಂದೆ.

"ಅಕ್ಕಾರ, ಸಂಶೋಧನಾ ಅಂದ್ರ ನಿಮಗ ತಿಳಿಯೂದಿಲ್ರಿ," ಎಂದು ನಕ್ಕರು.

ಉಳಿದವರಿಗೆ ವಾಟ್ಸಾಪಿನಲ್ಲಿ ಪ್ರಶ್ನೆಗಳು ಹೋದವು. ನಮ್ಮಲ್ಲಿ ಉತ್ತರಿಸಿದವಳು ಎದುರುಮನೆಯ ಗಿರಿಜಾ ಒಬ್ಬಳೇ. ಓಣಿಗೆಲ್ಲ ಏನು ಬೇಕಾದರೂ ಅವಳ ಫೋನಿನಿಂದಲೇ ತರಿಸುವುದು ರೂಢಿ. ಪಾಪದ ಹುಡುಗಿ, ಎಲ್ಲರದನ್ನೂ ಪ್ರಾಮಾಣಿಕವಾಗಿ ಬರೆದಳು. ಹೀಗಾಗಿ ಪ್ರಬಂಧದಲ್ಲಿ ಅವಳು ಕೂಸಿನ ಲಂಗೋಟಿ, ಮುದುಕರ ಊರುಗೋಲು, ಗಡ್ಡದ ಎಣ್ಣೆ ಎಲ್ಲವನ್ನೂ ಒಬ್ಬಳೇ ಬಳಸುವ ಹೊಸ ಕಾಲದ ಗ್ರಾಹಕಿಯಾದಳು!

ನಕ್ಕು ಬಿಡಬಹುದಿತ್ತು. ಆದರೆ ಆ ಪ್ರಬಂಧಕ್ಕೆ ಡಾಕ್ಟರೇಟ್ ಬಂತು, ವ್ಯಾಪಾರಿಗಳ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು. ನಮ್ಮ ಮಂದಿ ಬದನೆಕಾಯಿಯನ್ನು ನಾಲ್ಕು ಸಲ ಹೊರಳಿಸಿ ನೋಡುತ್ತಾರೆ, ಶಾಲು ಹೊದ್ದವನ ಮಾತನ್ನು ಮಾತ್ರ ಇಡಿಯಾಗಿ ನುಂಗುತ್ತಾರೆ. ಇನ್ನು ಮುಂದೆ ಬಳೆ ಅಂಗಡಿಗೆ ಯಾವ ಹೆಣ್ಣುಮಗಳೂ ಕಾಲಿಡುವುದಿಲ್ಲ ಎಂದು ಮಹಾಶಯರು ಅಪ್ಪಣೆ ಕೊಡಿಸಿದರು. ಮೆಹಬೂಬ್ ಕಾಕಾ ಮುಂದಿನ ಸಾಲಿನಲ್ಲೇ ಕೂತಿದ್ದ.

ಮರುದಿನ ಶಾಹೀನ್ ಅಳುತ್ತ ಬಂದಳು. "ನಮ್ಮ ಅಬ್ಬಾ ಅಂಗಡಿ ಬಿಡ್ತೇನಿ ಅನ್ನಾಕತ್ತಾರ್ರಿ. ನೀವರ ಹೇಳ್ರಿ ಅಕ್ಕಾ."

ಹೋಗಿ ಹೇಳಿದೆ. ಕಾಕಾ ತಲೆ ಅಲ್ಲಾಡಿಸಿದ. "ಅಷ್ಟು ಓದಿದ ಸಾಹೇಬ್ರು ಸುಳ್ಳ ಹೇಳ್ತಾರೇನವಾ? ಮುಳುಗೂ ಧಂದೇದಾಗ ಮಗಳನ್ನ ಹೆಂಗ ಕುಂಡ್ರಸ್ಲಿ?"

ಅಂಗಡಿ ಹೋಯಿತು. ಆ ಜಾಗಕ್ಕೆ ಬಂದದ್ದು ಇನ್ನೊಂದು ಪಾರ್ಸಲ್ ಮಳಿಗೆ. ಬಳೆ ಸಿಗದೆ ಓಣಿಯ ಹೆಂಗಸರು ಫೋನು ಹಿಡಿದರು. ಪ್ರಾಧ್ಯಾಪಕರು ಆ ಬಾಗಿಲಿಗೂ ಕುರ್ಚಿ ಹಾಕಿಸಿ, ತಾವು ನುಡಿದದ್ದು ನಿಜವಾಯಿತೆಂದು ಮತ್ತೊಂದು ಲೇಖನ ಬರೆದರು. ಇಂಥ ಜಾಣತನ ನೋಡಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಏರದ ಬಳೆಗಳನ್ನು ಬದಿಗಿಟ್ಟು ಮೊನ್ನೆ ಶಾಹೀನಳನ್ನೇ ಕರೆಸಿದೆ. ಈಗ ಅವಳು ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಾಳೆ. ಅಪ್ಪನ ಅಂಗಡಿಯಲ್ಲಿ ಉಳಿದಿದ್ದ ಬಳೆಗಳ ಪೆಟ್ಟಿಗೆ ಹೊತ್ತು ತಂದು, ಬಸುರಿಯ ಕೈ ಹಿಡಿದು ಕೂತಳು. ಕುಬಸಕ್ಕೆ ಬಂದ ಹೆಂಗಸರೆಲ್ಲ ಸುತ್ತುವರಿದು, ತಮಗೂ ಇಡು ಎಂದು ಕೈ ಚಾಚಿದರು. ಅಷ್ಟು ನಗುವ ಶಾಹೀನಳನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

"ನಮ್ಮ ಮುಂದಿನ ಖೋಲಿ ರಸ್ತಾಕ್ಕ ಮುಖ ಮಾಡೇತಿ. ಅಲ್ಲೇ ಬಳಿ ಇಟ್ಕೊಂಡು ಕುಂದ್ರು," ಎಂದೆ.

ಬಳೆ ಏರಿಸುತ್ತಿದ್ದ ಕೈ ನಿಂತಿತು. "ಮಂದಿ ಬರ್ತಾರೇನ್ರಿ ಅಕ್ಕಾ?"

"ನನಗೇನ ಗೊತ್ತವಾ? ಬಾಗಲಾ ತಗದು ನೋಡೂಣು."