ಹುಣಸೆ ಬೀಜದ ಓಟು

ಕುಸುಮಾ ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳಲ್ಲ, ಬಾಗಿಲು ಬಡಿಯುವವಳೂ ಅಲ್ಲ. ಹಿತ್ತಲಿನ ಹಳೆಯ ಕೊಟ್ಟಿಗೆಗೆ ಹೋಗಿ, ಮೈದಾ ಹಿಟ್ಟಿನ ಅಂಟು ಕಲೆಸಿಕೊಂಡು, ಇಂಗ್ಲಿಷ್ ಪುಸ್ತಕಗಳ ಸಾಲುಗಳ ಮೇಲೆ ಅದನ್ನೇ ಕನ್ನಡದಲ್ಲಿ ಬರೆದ ಚೀಟಿ ಅಂಟಿಸುತ್ತ ಕೂರುತ್ತಿದ್ದಳು. ಅತ್ತಿಗುಪ್ಪೆಯ ಆ ಮನೆಯಲ್ಲಿ ಸಿಟ್ಟಿಗೆ ಕೊರತೆಯಿರಲಿಲ್ಲ. ಹಾಗಾಗಿ ಕನ್ನಡ ಕಲಿತ ಪುಸ್ತಕಗಳಿಗೂ ಕೊರತೆಯಿರಲಿಲ್ಲ.

ಮಾವ ಚನ್ನಕೇಶವಯ್ಯನವರ ರಾಗಿ ಹೊಲಗಳೆಲ್ಲ ಎಂದೋ ಬಡಾವಣೆಗಳಾಗಿದ್ದವು. ಮನೆಯ ಹಿಂದೆ ಉಳಿದಿದ್ದ ಜಾಗದಲ್ಲಿ ಅವರು ಸಾಲು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಗೆ ಬಂದವರು ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ ಕಡೆಯವರು. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೋದರೆ ಮಕ್ಕಳು ಅಂಗಳದಲ್ಲಿ ಉಳಿಯುತ್ತಿದ್ದವು. ದನಗಳು ಹೋದ ಮೇಲೆ ಕೊಟ್ಟಿಗೆಯಲ್ಲಿ ಗಟ್ಟಿಯಾದ ಸಿಮೆಂಟು ಚೀಲಗಳು ಬಿದ್ದಿದ್ದವು. ಆ ಜಾಗ ಕೊಡಿ, ಮಕ್ಕಳಿಗೆ ಪುಸ್ತಕ ಇಡುತ್ತೇನೆ ಎಂದು ಕುಸುಮಾ ಕೇಳಿದಾಗ ಮಾವ ಬೇಡವೆನ್ನಲಿಲ್ಲ. "ಓದ್ಕೊಳ್ಲಿ ಬಿಡಮ್ಮ, ಪುಣ್ಯ ಬರುತ್ತೆ" ಅಂದು ಬೀಗದ ಕೈ ಕೊಟ್ಟರು. ಅವಳು ಗೋದಲಿ ತೊಳೆದು, ಅದರಲ್ಲೇ ಪುಸ್ತಕ ಜೋಡಿಸಿದಳು. ಹಸುಗಳು ಮೂತಿಯಿಟ್ಟ ಕಡೆ ಮಕ್ಕಳು ಮೂತಿಯಿಟ್ಟು ಓದುತ್ತಿದ್ದವು.

ಅವಳು ಕೆಂಗೇರಿಯಲ್ಲಿ ಹುಟ್ಟಿದವಳು. ಬಿ.ಎ. ನಡುವೆಯೇ ಮದುವೆ ಆಯಿತು. ಮದುವೆಗೆ ಮೊದಲು ಅಪ್ಪ ಹೇಳಿದ ಗುರುತಿಗೆ, ಆಮೇಲೆ ಮಾವ ಹೇಳಿದ ಗುರುತಿಗೆ ಓಟು ಹಾಕಿದ್ದಳು. ಅದರಲ್ಲಿ ತಪ್ಪಿದೆಯೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ಹಬ್ಬಕ್ಕೆ ಯಾವ ಸೀರೆ ಉಡಬೇಕೆಂದು ಅತ್ತೆ ಹೇಳುವ ಹಾಗೆ ಇದೂ ಒಂದು ಅಂದುಕೊಂಡಿದ್ದಳು. ಹೊರಗಿನವರಿಗೆ ಮಾವ ಗೌಡರು, ಅವಳು ಗೌಡರ ಸೊಸೆ. ಕೊಟ್ಟಿಗೆಯ ಮಕ್ಕಳಿಗೆ ಮಾತ್ರ ಕುಸುಮಕ್ಕ.

ಆ ಪುಸ್ತಕ ಸಿಕ್ಕಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ದೊಡ್ಡ ದೊಡ್ಡ ಟೋಪಿ ಹಾಕಿಕೊಂಡ ಪರದೇಶದ ಹೆಂಗಸರು ಓಟಿನ ಹಕ್ಕಿಗಾಗಿ ಹೋರಾಡಿದ ಕಥೆ, ಮಕ್ಕಳಿಗೆ ಹೇಳಿದ್ದು. ಒಂದು ಪುಟದಲ್ಲಿ ಹೆಂಗಸೊಬ್ಬಳು ತನ್ನನ್ನೇ ಕಬ್ಬಿಣದ ಬೇಲಿಗೆ ಸರಪಳಿ ಹಾಕಿ ಕಟ್ಟಿಕೊಂಡಿದ್ದಳು. ಇನ್ನೊಂದರಲ್ಲಿ ಪೊಲೀಸರು ಒಬ್ಬಳ ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಜೈಲಿನಲ್ಲಿ ಅನ್ನ ಬಿಟ್ಟವಳ ಮೂಗಿಗೆ ಕೊಳವೆ ತುರುಕಿದ ಪುಟವೂ ಇತ್ತು. ಕೊನೆಯ ಪುಟದಲ್ಲಿ ಮುಖವಿಲ್ಲದ ಒಂದು ಕೈ, ಮಡಿಸಿದ ಕಾಗದ, ಒಂದು ಪೆಟ್ಟಿಗೆ. ಅಷ್ಟೇ.

ಆ ಪುಸ್ತಕಕ್ಕೆ ಚೀಟಿ ಅಂಟಿಸಲು ಕುಸುಮಾಗೆ ಎಂದಿಗಿಂತ ಹೆಚ್ಚು ದಿನ ಹಿಡಿಯಿತು. ಕೊನೆಗೆ ಅವಳೇ ನಾಲ್ಕು ಹಾಳೆ ಹೊಲಿದು ಸೇರಿಸಿದಳು. ಇಲ್ಲೂ ಹೆಂಗಸರು ಬ್ರಿಟಿಷರ ಕಾಲದಲ್ಲೇ ಓಟು ಕೇಳಿದ್ದರು, ಸ್ವಾತಂತ್ರ್ಯ ಬಂದ ಮೇಲೆ ಗಂಡಸರ ಜೊತೆಗೇ ಅವರಿಗೂ ಹಕ್ಕು ಸಿಕ್ಕಿತು ಎಂದು ಬರೆದು, ಸೆರಗು ಹೊದ್ದ ಹೆಂಗಸರ ಸಾಲೊಂದನ್ನು ಬಿಡಿಸಿದಳು.

ಅದನ್ನು ಮಕ್ಕಳಿಗೆ ಓದಿ ಮುಗಿಸಿದಾಗ ಮೊದಲು ಬಾಯಿ ಬಿಟ್ಟವಳು ಲಕ್ಷ್ಮಿ, ಸಾಲು ಮನೆಯ ಹನುಮವ್ವನ ಮಗಳು.

"ಅಕ್ಕಾರ, ಆ ಕೈ ಯಾರದ್ರಿ? ಮಾರಿ ಯಾಕ ಇಲ್ಲ?"

"ಯಾರು ಯಾರಿಗೆ ಹಾಕಿದ್ರು ಅಂತ ಗೊತ್ತಾಗಬಾರ್ದು ಕಣೇ. ಅದಕ್ಕೆ."

"ಅವರ ಗಂಡಗೂ ಗೊತ್ತಾಗಂಗಿಲ್ಲ?"

"ಗಂಡಂಗೂ ಇಲ್ಲ, ಮಾವಂಗೂ ಇಲ್ಲ."

ಮಕ್ಕಳಿಗೆ ಅದು ಭಾರಿ ಇಷ್ಟವಾಯಿತು. ಅಂದಿನಿಂದ ಪ್ರತಿ ಶನಿವಾರ ಯಾವ ಪುಸ್ತಕ ಓದಬೇಕೆಂದು ಓಟು ನಡೆಯಿತು. ಹಳೆಯ ಗೋಣಿಯ ಪರದೆ. ಅದರ ಹಿಂದೆ ಪುಸ್ತಕಕ್ಕೊಂದು ಮಡಕೆ. ಒಬ್ಬೊಬ್ಬರೇ ಹೋಗಿ ಒಂದು ಹುಣಸೆ ಬೀಜ ಹಾಕಿ ಬರಬೇಕು. ಇಣುಕಿದವರಿಗೆ ಆ ವಾರ ಬೀಜವಿಲ್ಲ. ಟೋಪಿ ಹೆಂಗಸರು ಎಷ್ಟು ಸಲ ಗೆದ್ದರೆಂದರೆ ಪುಸ್ತಕದ ಬೆನ್ನು ಬಿಟ್ಟುಕೊಂಡಿತು.

2008ರ ಬೇಸಿಗೆಯಲ್ಲಿ ವಿಧಾನಸಭೆ ಚುನಾವಣೆ ಬಂತು. ಗೋಡೆಗಳ ಮೇಲೆ ಗುರುತುಗಳು ಬರುವ ಮೊದಲೇ ಲಕ್ಷ್ಮಿ ಬಂದು ಕೇಳಿದಳು: "ಅಕ್ಕಾರ, ಗುಟ್ಟಾಗಿ ಹಾಕಬೇಕಂದ್ರ, ಗೌಡ ಅಜ್ಜಾರು ನಮ್ಮವ್ವನ ಕೈಲೆ ಭಂಡಾರ ಮುಟ್ಟಿಸಿ ಆಣಿ ಯಾಕ ಮಾಡಿಸ್ತಾರ್ರಿ?"

ಕುಸುಮಾ ಅಂಟಿನ ಬಟ್ಟಲು ಕೆಳಗಿಟ್ಟಳು.

ಆಣೆಯ ವಿಷಯ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಚುನಾವಣೆಗೆ ಮಾವ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಬಾಡಿಗೆ ಹೆಂಗಸರಿಗೆ ಅರಿಶಿನ ಕುಂಕುಮ ಕೊಡಿಸುತ್ತಿದ್ದರು. ಅಭ್ಯರ್ಥಿಯ ಹೆಂಡತಿ ಬಂದು ಸೀರೆ ಹಂಚುವಳು. ಆ ಕಡೆಯ ಹೆಂಗಸರು ಸವದತ್ತಿ ಎಲ್ಲಮ್ಮನ ಭಂಡಾರ, ಅಂದರೆ ದೇವಿಯ ಅರಿಶಿನ ಮುಟ್ಟಿ ಇಂಥವರಿಗೇ ಓಟು ಎಂದು ಮಾತು ಕೊಟ್ಟರೆ ತಪ್ಪುವುದಿಲ್ಲ ಎಂದು ಮೇಸ್ತ್ರಿಯೊಬ್ಬ ಮಾವನ ಕಿವಿಗೆ ಹಾಕಿದ್ದ. ಅಂದಿನಿಂದ ಸೀರೆಯ ಜೊತೆಗೆ ಭಂಡಾರದ ಬೆಳ್ಳಿ ಬಟ್ಟಲೂ ಸೇರಿತು. ಬಟ್ಟಲನ್ನು ತುಂಬುತ್ತಿದ್ದವರು ಅತ್ತೆ. ಅದನ್ನು ತಟ್ಟೆಯಲ್ಲಿಟ್ಟುಕೊಂಡು ಸಾಲಿನುದ್ದಕ್ಕೂ ನಡೆಯುತ್ತಿದ್ದವಳು ಕುಸುಮಾ. ಒಂದು ಕೈಯಲ್ಲಿ ಆ ತಟ್ಟೆ, ಇನ್ನೊಂದು ಕೈಯಲ್ಲಿ ಈ ಪುಸ್ತಕ. ಎರಡೂ ಒಬ್ಬಳದೇ ಕೈ ಎಂದು ಅವಳಿಗೆ ಹೊಳೆದಿರಲಿಲ್ಲ. ಮಗುವಿಗೆ ಹೊಳೆಯಿತು.

ಅತ್ತೆ ತೀರಿಕೊಂಡು ವರ್ಷವಾಗಿತ್ತು. ಶುಕ್ರವಾರದ ಅರಿಶಿನ ಕುಂಕುಮಕ್ಕೆ ಎರಡು ದಿನ ಮೊದಲು ಮಾವ ಅಡುಗೆಮನೆಯ ಬಾಗಿಲಿಗೆ ಬಂದರು.

"ಕುಸುಮಾ, ಬೆಳ್ಳಿ ಬಟ್ಟಲು ತೊಳೆದು ಅರಿಶಿನ ತುಂಬಿಸಿಡಮ್ಮ."

"ಸವದತ್ತಿಯಿಂದ ಬಂತಾ ಮಾವ?"

"ಅಲ್ಲಿಗೆ ಯಾರು ಹೋಗ್ತಾರೆ? ಡಬ್ಬೀಲಿರೋದೇ ಹಾಕು. ಹಳದಿ ಎಲ್ಲಾ ಒಂದೇ ತಾನೆ? ನಿಮ್ಮತ್ತೆನೂ ಅದನ್ನೇ ಹಾಕ್ತಿದ್ಲು."

ಅಷ್ಟು ಹೇಳಿ, ಮಜ್ಜಿಗೆ ಕುಡಿದು ಹೋದರು. ಕುಸುಮಾ ಡಬ್ಬಿಯ ಮುಂದೆ ನಿಂತೇ ಇದ್ದಳು. ಬೆಳಗ್ಗೆ ಸಾರಿಗೆ ಹಾಕಿದ ಚಮಚ ಇನ್ನೂ ಅದರಲ್ಲೇ ಇತ್ತು. ಓಟು ಕಸಿದುಕೊಂಡದ್ದು ಸಾಲದು ಅಂತ ಅವರ ದೇವರನ್ನೂ ಕದ್ದರಲ್ಲ. ಅದೂ ನನ್ನ ಕೈಯಲ್ಲಿ. ಆ ಸಿಟ್ಟಿಗೆ ಆ ದಿನ ಯಾವ ಪುಸ್ತಕವೂ ಸಾಲಲಿಲ್ಲ.

ಸಂಜೆ ಗಂಡ ವೆಂಕಟೇಶನಿಗೆ ಹೇಳಿದಳು. ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಸುಮ್ನಿರೇ. ನೀನು ಬಾಯಿ ಬಿಟ್ರೆ ಅಪ್ಪ ಕೊಟ್ಟಿಗೆಗೆ ಬೀಗ ಜಡೀತಾರೆ. ಆಮೇಲೆ ನನ್ ಹತ್ರ ಅಳ್ಬೇಡ. ಅಷ್ಟಕ್ಕೂ ಇದೇನು ಮಹಾ ವಿಷಯ?"

"ಮಹಾ ವಿಷಯ ಅಲ್ದಿದ್ರೆ ನಿಮ್ಮಪ್ಪ ದೇವಿನ ಯಾಕೆ ಕರ್ಕೊಂಬಂದ್ರು?"

ಅವನು ಟಿವಿಯ ಸದ್ದು ಜೋರು ಮಾಡಿದ.

ಬೀಗ ಬೀಳುವುದು ಖಂಡಿತ ಎಂದು ಅವಳಿಗೂ ಗೊತ್ತಿತ್ತು. ಆ ಗೋದಲಿ, ಆ ಪರದೆ, ಬಾಗಿಲು ತೆಗೆಯುವ ಮೊದಲೇ ಬಂದು ಕೂತಿರುವ ಆ ಮಕ್ಕಳು. ಇಡೀ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಮರುದಿನ ಹನುಮವ್ವ ಗಾರ್ಮೆಂಟ್ಸಿನಿಂದ ಬಂದು ಬಕೆಟ್ಟು ಹಿಡಿದು ನಲ್ಲಿಯ ಹತ್ತಿರ ನಿಂತಿದ್ದಾಗ ಕುಸುಮಾ ಸೀದಾ ಹೋಗಿ ಹೇಳಿಬಿಟ್ಟಳು.

ಹನುಮವ್ವ ನಲ್ಲಿ ನಿಲ್ಲಿಸಲಿಲ್ಲ. ಬಕೆಟ್ಟು ತುಂಬಿ ಹರಿಯತೊಡಗಿತು.

"ಹೋದ ಸಲಾನೂ ಅಡಿಗಿ ಅರಿಶಿಣಾನ ಏನ್ರಿ?"

"ಹೋದ ಸಲಾನೂ."

"ತಟ್ಟಿ ಹಿಡಕೊಂಡು ನಿಂತಾಕಿ ನೀವ ಅಲ್ಲ?"

"ನಾನೇ. ಅದು ಅಂಗಡಿದು ಅಂತ ನನಗೆ ಗೊತ್ತಿರ್ಲಿಲ್ಲ ಹನುಮವ್ವ."

"ಆಣಿ ಹಾಕಸಾಕತ್ತಾರ ಅಂತ ಗೊತ್ತಿತ್ತಲ್ಲರಿ!"

ಹನುಮವ್ವನ ದನಿ ಏರಿತು. ಪಕ್ಕದ ಮನೆಯ ಮುದುಕಿ ಪಾರವ್ವ ಹೊಸ್ತಿಲಿಗೆ ಬಂದು ನಿಂತಳು.

"ಆವಾಗ ನಮ್ಮ ಫ್ಯಾಕ್ಟ್ರಿ ನೀಲಮ್ಮ ಎಲೆಕ್ಷನ್‌ಗೆ ನಿಂತಿದ್ಲ್ರಿ. ಸಂಡಾಸಕ್ಕ ಹೋಗಾಕ ಬಿಡಂಗಿಲ್ಲ ಅಂದಾಗ ಮಷಿನ್ ಬಂದ್ ಮಾಡಿ ಸೂಪರ್‌ವೈಸರ್ ಎದರಿಗೆ ನಿಂತಾಕಿ. ಆಕಿ ಗುರುತಿನ ಮ್ಯಾಲೆ ಬೆರಳ ಇಟ್ಟಿದ್ದೆ ನಾನು. ಎಲ್ಲಮ್ಮ ನೆನಪಾದ್ಲು. ಮಗಳಿಗೆ ಏನರ ಆದೀತು ಅಂತ ಬೆರಳ ತಗದೆ. ಆಕಿ ಸೋತ್ಲು, ಕೆಲಸಾನೂ ಹೋತು. ನಾಕ್ ವರ್ಷ ಆಕಿ ಮಾರಿ ಎತ್ತಿ ನೋಡಿಲ್ಲ ನಾನು. ದೇವಿ ಸಲುವಾಗಿ ಮಾಡೀನಿ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ಬಂದು ಸಾರಿನ ಅರಿಶಿಣ ಅಂತೀರಿ!"

ನಲ್ಲಿಯನ್ನು ಪಟ್ಟನೆ ತಿರುಗಿಸಿದಳು. "ನಿಮ್ಮ ಪುಸ್ತಕ ನನ್ನ ಮಗಳು ಮನಿಯಾಗ ಹೇಳ್ತಾಳ. ಆ ಟೊಪ್ಪಿಗಿ ಹೆಂಗಸರು ಯಾರದ ಮನಿ ತಟ್ಟಿ ಹಿಡದಿರಲಿಲ್ಲ ಅಲ್ಲರಿ?"

ಬಕೆಟ್ಟೆತ್ತಿಕೊಂಡು ಒಳಗೆ ಹೋದಳು. ಚೆಲ್ಲಿದ ನೀರಿನಲ್ಲಿ ಕುಸುಮಾಳ ಪಾದ ನೆನೆದಿತ್ತು. ಬೈಸಿಕೊಂಡದ್ದಕ್ಕೆ ಅವಳಿಗೆ ನೋವಾಗಲಿಲ್ಲ. ಇಷ್ಟು ವರ್ಷ ಯಾರೂ ಬೈಯಲಿಲ್ಲವಲ್ಲ ಎಂದು ಮೈ ಉರಿಯಿತು.

ಶುಕ್ರವಾರ ಶಾಮಿಯಾನದ ಕೆಳಗೆ ಜಮಖಾನೆ ಹಾಸಿತ್ತು. ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ 'ಮಹಿಳೆಯರಿಗೆ ನಮ್ಮ ಗೌರವ' ಎಂದು ಬರೆದಿತ್ತು. ಅದರ ತುಂಬ ಗಂಡಸರ ಮುಖಗಳೇ ಇದ್ದವು. ಅಭ್ಯರ್ಥಿಯ ಹೆಂಡತಿ ಕುರ್ಚಿಯಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮಾವ ಹೊಸ ಪಂಚೆಯುಟ್ಟು ಪಕ್ಕದಲ್ಲಿ ನಿಂತಿದ್ದರು.

ಕುಸುಮಾ ಬಟ್ಟಲನ್ನು ತಂದಳು. ಎಲ್ಲರೂ ನೋಡುವ ಹಾಗೆ, ಅಡುಗೆಮನೆಯ ಸ್ಟೀಲ್ ಡಬ್ಬಿಯನ್ನೂ ಚಮಚದ ಸಮೇತ ಅದರ ಪಕ್ಕದಲ್ಲೇ ತಟ್ಟೆಯಲ್ಲಿಟ್ಟಿದ್ದಳು. ಮಾವನ ಹುಬ್ಬು ಗಂಟಾಯಿತು. ಆದರೆ ಅಭ್ಯರ್ಥಿಯ ಹೆಂಡತಿಯ ಎದುರಿಗೆ ಬೈಯುವುದು ಹೇಗೆ?

ಸಾಲಿನ ಮೊದಲಿಗೆ ಹನುಮವ್ವ ಕೂತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಅವಸರದಲ್ಲಿ ಸುತ್ತಿಕೊಳ್ಳುವ ಕೂದಲ ಗಂಟು ಇರಲಿಲ್ಲ. ತಲೆ ಬಾಚಿ, ಹೂ ಮುಡಿದು ಬಂದಿದ್ದಳು.

"ಮುಟ್ಟಮ್ಮ" ಎಂದರು ಮಾವ. "ಸವದತ್ತಿ ತಾಯಿ ಭಂಡಾರ. ಹೇಳು, ಎಲ್ಲಮ್ಮನಾಣೆ ಅಂತ."

ಹನುಮವ್ವ ಮುಟ್ಟಲಿಲ್ಲ. "ಗೌಡ್ರ, ಭಂಡಾರ ಅಂದ್ರ ಮೊದಲ ಹಿರಿಯರ ಮುಟ್ಟಬೇಕ್ರಿ. ನೀವ ಮುಟ್ರಿ. ಎಲ್ಲಮ್ಮನಾಣಿ, ಇದು ಸವದತ್ತಿದ ಅಂತ ಒಂದ್ ಮಾತ ಅಂದುಬಿಡ್ರಿ. ಆಮ್ಯಾಲೆ ನೀವು ಹೇಳಿದಾಂವಗ ನನ್ನ ಓಟು."

ಸಾಲಿನ ಹಿಂದಿನವರು ಮುಂದಕ್ಕೆ ಬಗ್ಗಿ ನೋಡಿದರು.

ಮಾವ ನಗಲು ನೋಡಿದರು. "ಏನಮ್ಮ, ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

"ಛೇ, ಛೇ. ನಮಗ ಹೇಳ್ತೀರಲ್ಲ, ಹಂಗ. ಮುಟ್ರಿ."

ಮಾವನ ಕೈ ಎದ್ದಿತು. ಬಟ್ಟಲಿನ ಮೇಲಕ್ಕೆ ಬಂತು. ಅಲ್ಲೇ ನಿಂತಿತು. ಊರ ದೇವತೆ ಪಟಾಲಮ್ಮನಿಗೆ ಹೆತ್ತವರು ಹರಕೆ ಹೊತ್ತ ಮೇಲೆ ಹುಟ್ಟಿದ ಮನುಷ್ಯ ಅವರು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಈಗಲೂ ಮೊದಲು ತಾಯಿತ, ಆಮೇಲೆ ಡಾಕ್ಟರು. ಇನ್ನೊಬ್ಬರ ಊರಿನ ದೇವಿಯಾದರೂ ದೇವಿಯೇ. ತಟ್ಟೆ ಹಿಡಿದ ಕುಸುಮಾ ಒಂದಿಷ್ಟೂ ಅಲುಗಲಿಲ್ಲ. ಕೈ ಮೆಲ್ಲಗೆ ಹಿಂದಕ್ಕೆ ಹೋಗಿ ಪಂಚೆಗೆ ಒರೆಸಿಕೊಂಡಿತು, ಏನೂ ಅಂಟದಿದ್ದರೂ.

"ಬಿಡ್ರಿ" ಎಂದಳು ಹನುಮವ್ವ. ಬಟ್ಟಲಿಗೆ ಕೈ ಹಾಕಿ ಒಂದು ಮುಷ್ಟಿ ಅರಿಶಿನ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಚಲೋ ಅರಿಶಿಣ ಐತಿ. ಸಾರಿಗೆ ಹಾಕ್ತೀನಿ."

ಪಾರವ್ವ ಕೂತಲ್ಲಿಂದಲೇ ಕೈ ಚಾಚಿದಳು. "ನನಗೊಂದೀಟು ತಾರವಾ. ಬ್ಯಾಳಿ ಇವತ್ತ ಬೇಯಾಕ ಇಟ್ಟೀನಿ."

ಯಾರೋ ಫಕ್ಕನೆ ನಕ್ಕರು. ಆಮೇಲೆ ನಗು ಸಾಲಿನುದ್ದಕ್ಕೂ ಹರಿಯಿತು. ಆದರೆ ಹನುಮವ್ವ ನಗಲಿಲ್ಲ. ಅವಳ ಕಣ್ಣುಗಳು ಕೆಂಪಾಗಿದ್ದವು. "ಏನಂತೆ? ಏನಂತಾರೆ ಇವ್ರು?" ಎಂದು ಅಭ್ಯರ್ಥಿಯ ಹೆಂಡತಿ ಕೇಳುತ್ತಲೇ ಇದ್ದಳು.

ಎಲ್ಲರೂ ಹೋದ ಮೇಲೆ ಮಾವ ಅಂಗಳದಲ್ಲೇ ಕೂಗಿದರು. "ಮನೆ ಮರ್ಯಾದೆ ತೆಗೆದಲ್ಲೇ! ಆ ಪುಸ್ತಕ ಓದಿಸಿ ಓದಿಸಿ ಇದನ್ನೇನಾ ಕಲಿಸಿದ್ದು?"

"ಹೌದು ಮಾವ, ಇದನ್ನೇ" ಎಂದಳು ಕುಸುಮಾ.

ಅವರು ಬೀಗದ ಕೈ ಕಿತ್ತುಕೊಂಡು ಹೋಗಿ ಕೊಟ್ಟಿಗೆಗೆ ಬೀಗ ಹಾಕಿದರು. ಪುಸ್ತಕಗಳೆಲ್ಲ ಒಳಗೇ ಉಳಿದವು. ಮನೆ ಖಾಲಿ ಮಾಡಿ ಎಂದು ಬಾಡಿಗೆಯವರ ಮೇಲೂ ಹಾರಾಡಿದರು. ಸಾಲಿಗೆ ಸಾಲೇ ಗಂಟುಮೂಟೆ ಕಟ್ಟಲು ತಯಾರಾದಾಗ ಬಾಡಿಗೆ ನೆನೆದು ದನಿ ತಗ್ಗಿಸಿದರು. ವೆಂಕಟೇಶ, "ಹೇಳಿದ್ನಲ್ಲ" ಎಂದಷ್ಟೇ ಅಂದ.

ಓಟಿನ ದಿನ ಕುಸುಮಾ ಮನೆಯವರ ಕಾರು ಹತ್ತದೆ ಒಬ್ಬಳೇ ನಡೆದು ಹೋಗಿ ಬಂದಳು. ಯಾರಿಗೆ ಹಾಕಿದಳೆಂದು ವೆಂಕಟೇಶ ಕೇಳಿದ. ಅವಳು ಹೇಳಲಿಲ್ಲ. ಹನುಮವ್ವ ಅವಳ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಆದರೆ ಮಗಳನ್ನು ಶನಿವಾರ ಕಳಿಸುವುದನ್ನು ನಿಲ್ಲಿಸಲಿಲ್ಲ.

ಶನಿವಾರ ಮಕ್ಕಳು ಬೀಗದ ಬಾಗಿಲ ಮುಂದೆ ಕೂತರು. ಪುಸ್ತಕವಿಲ್ಲದಿದ್ದರೇನು, ಅಂಟಿಸಿದ ಒಂದೊಂದು ಚೀಟಿಯೂ ಕುಸುಮಾಗೆ ಬಾಯಿಗೆ ಬರುತ್ತಿತ್ತು. ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದಳು. ಅಡುಗೆಮನೆಯಿಂದ ಮಡಕೆಗಳನ್ನು ತಂದಳು. ಯಾವ ಕಥೆ ಹೇಳಬೇಕೆಂದು ಓಟು ಶುರುವಾಯಿತು.

ಮಹಡಿಯ ಮೇಲೆ ನಿಂತು ನೋಡುತ್ತಿದ್ದ ಮಾವ ತಡೆಯಲಾರದೆ ಕೆಳಗಿಳಿದು ಬಂದರು. ಪರದೆಯಿಂದ ಆಚೆ ಬಂದ ಲಕ್ಷ್ಮಿಯನ್ನು ನಿಲ್ಲಿಸಿದರು.

"ಏಯ್, ನೀನ್ಯಾವುದಕ್ಕೆ ಹಾಕ್ದೆ?"

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು. ಹೆದರಿದ್ದಳು, ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹೇಳಂಗಿಲ್ರಿ ಅಜ್ಜಾರ."