ಮೂರನೇ ಭಾಗದ ಕೊನೆ

ನಿನ್ನೆ ಮಗಳು ತರಿಸಿದ ಪುಸ್ತಕದ ಪಾರ್ಸೆಲ್ ಬಂತು. ಒಡೆದ ಕೂಡಲೇ ಹೊಸ ಕಾಗದದ, ಅಂಟಿನ ವಾಸನೆ ಕೊಂಡಾಪುರದ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಹರಡಿತು. ಅವಳು ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದಾಳೆ, ಈ ಶರತ್ಕಾಲದಲ್ಲಿ ಬರಲಿರುವ ಹದಿಹರೆಯದವರ ಕಾದಂಬರಿಗಳದ್ದು. ಶರತ್ಕಾಲವಂತೆ! ಹೈದರಾಬಾದಿನಲ್ಲಿ ಅದನ್ನು ಯಾರು ಕಂಡಿದ್ದಾರೆ? ಇಲ್ಲಿನ ಬತುಕಮ್ಮ ಹಬ್ಬಕ್ಕೆಂದು ಹಳದಿ ತಂಗಡಿ ಹೂವು ರಸ್ತೆಬದಿಗೆ ಬಂದರೆ ನಮಗೆ ಅದೇ ಶರತ್ಕಾಲ. ಪುಸ್ತಕ ಎತ್ತಿಕೊಂಡು ಮೂಸಿದೆ. "ಅಮ್ಮಾ, ಮೊದಲು ನಾನು!" ಎಂದು ಕಿತ್ತುಕೊಂಡಳು. ಆಗ ನೆನಪಾದವರು ಲೈಬ್ರರಿ ಕಾಕಾ…

ನನಗೆ ಹದಿನಾಲ್ಕು ವರ್ಷವಿದ್ದಾಗ ಅಪ್ಪನಿಗೆ ಬಾಲಾನಗರದ ಕಾರ್ಖಾನೆಗೆ ವರ್ಗವಾಗಿ ನಾವು ಮೈಸೂರಿನಿಂದ ಬಂದೆವು. ಕ್ವಾರ್ಟರ್ಸಿನಿಂದ ಹತ್ತು ನಿಮಿಷ ನಡೆದರೆ, ಎರಡು ಲೇತ್ ವರ್ಕ್‌ಶಾಪುಗಳ ನಡುವೆ ಒಂದು ಇಕ್ಕಟ್ಟಾದ ಕೋಣೆ. ಅದೇ ಕಾಕಾ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಜಾಗ. ವಿಜಯಪುರದ ಕಡೆಯವರು. ಕನ್ನಡ, ಉರ್ದು ಎರಡೂ ಸರಾಗವಾಗಿ ಓದುತ್ತಿದ್ದರು. ಇಂಗ್ಲಿಷ್ ಮಾತ್ರ ರಟ್ಟಿನ ಮೇಲಿನ ಹೆಸರಿಗೇ ಮುಗಿಯುತ್ತಿತ್ತು. ಕೋಣೆ ತುಂಬ ಇದ್ದದ್ದೋ ಬರೀ ಇಂಗ್ಲಿಷ್ ಕಾದಂಬರಿಗಳು!

ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಪುಸ್ತಕ ವಾಪಸು ಕೊಡಲು ಬಂದವರು ಸ್ಟೂಲಿನ ಮೇಲೆ ಕುಳಿತು ಅದರ ಕಥೆ ಹೇಳಬೇಕು. ಕೇಳಿ, ಮುಂದೆ ಅದು ಯಾರಿಗೆ ಹಿಡಿಸುತ್ತದೆಂದು ಅವರು ಯೋಚಿಸಿ ಕೊಡುತ್ತಿದ್ದರು. ಕೊನೆಯನ್ನು ಮಾತ್ರ ಕಿವಿಯಲ್ಲಿ ಹೇಳಬೇಕು, ಉಳಿದ ಮಕ್ಕಳ ಸ್ವಾರಸ್ಯ ಕೆಡಬಾರದಲ್ಲ. ನಾನು ಮಹಾ ಬಾಯಿಬಡುಕಿ, ಕಥೆಗೆ ಉಪ್ಪುಖಾರ ಹಚ್ಚಿಯೇ ಹೇಳುತ್ತಿದ್ದೆ. "ಇದು ಪುಸ್ತಕದಾಗ ಐತೋ, ನಿನ್ನ ತಲಿಯಾಗ ಐತೋ?" ಎಂದು ಕಾಕಾ ನಗುತ್ತಿದ್ದರು.

ಕಳೆದುಹೋದ ತಮ್ಮನನ್ನು ಹುಡುಕುತ್ತ ದೋಣಿಯಲ್ಲಿ ಹೊರಟ ಹುಡುಗಿಯ ಕಥೆಯೊಂದಿತ್ತು, ಮೂರು ಭಾಗಗಳದ್ದು. ಮೊದಲೆರಡನ್ನು ನನ್ನ ಬಾಯಲ್ಲೇ ಕೇಳಿ ಕಾಕಾ ಮರುಳಾಗಿಬಿಟ್ಟಿದ್ದರು. ಮೂರನೆಯದು ದಸರೆಯ ಹೊತ್ತಿಗೆ ಬರುವುದಿತ್ತು. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಆ ಹುಡುಗ ಬದುಕ್ಯಾನೋ ಇಲ್ಲೋ, ನಿನಗೇನ ಅನಸ್ತೈತವ್ವ?" ಎಂದು ಕೇಳುತ್ತಿದ್ದರು. ಮನೆಯ ಮಗುವೇ ಕಾಣೆಯಾದಷ್ಟು ಕಳವಳ! ಕೊನೆಗೂ ಪುಸ್ತಕ ಬಂತು. ಏಳೆಂಟು ಮಂದಿ ಕಾಯುತ್ತಿದ್ದರೂ ನನಗೇ ಮೊದಲು ಕೊಟ್ಟರು. "ಲಗೂನ ಓದಿ ಬಾ. ನಾ ಕಾಯಾಕತ್ತೀನಿ."

ಎರಡೇ ದಿನದಲ್ಲಿ ಓದಿ ಮುಗಿಸಿದೆ. ಅಷ್ಟರಲ್ಲಿ ದಸರೆ ರಜೆ ಮುಗಿದು, ಆ ವರ್ಷವಷ್ಟೇ ಸೇರಿದ್ದ ಇಂಟರ್, ಅಂದರೆ ನಮ್ಮ ಪಿಯುಸಿ, ಕಾಲೇಜಿನ ಹಾಸ್ಟೆಲ್ಲಿಗೆ ಮರಳುವ ದಿನ ಬಂತು. ಬಟ್ಟೆಬರೆ, ಗೆಳತಿಯರು, ಗಡಿಬಿಡಿ… ಪುಸ್ತಕವನ್ನು ಅಪ್ಪನ ಕೈಯಲ್ಲಿ ವಾಪಸು ಕಳಿಸಿದೆ. ಮುಂದಿನ ಸಲ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಸಂಕ್ರಾಂತಿಗೆ ಬಂದೆ, ಹೋಗಲಿಲ್ಲ. ಬೇಸಿಗೆಗೆ ಬಂದೆ, ಆಗಲೂ ಹೋಗಲಿಲ್ಲ. ಕಾಲೇಜು ಸೇರಿದವಳು ಸ್ಟೂಲಿನ ಮೇಲೆ ಕುಳಿತು ಕಥೆ ಹೇಳುವುದೆಂದರೆ ಯಾಕೋ ಚಿಕ್ಕಮಕ್ಕಳಾಟ ಅನಿಸಿತ್ತು. ಕೊಬ್ಬು, ಮತ್ತೇನಲ್ಲ.

ಎರಡನೇ ವರ್ಷ ಓದಿನ ನೆಪದಲ್ಲಿ ಮನೆಗೇ ಬರಲಿಲ್ಲ; ಕಾಕಾನ ಕೋಣೆಗೆ ಹೋದದ್ದು ಪರೀಕ್ಷೆ ಮುಗಿದ ಮೇಲೆ. ಅಲ್ಲಿ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಒಬ್ಬರೇ ಕುಳಿತಿದ್ದರು. ಕಾಕಾ ಎಲ್ಲಿ ಎಂದು ಕೇಳಿದೆ.

"ಪರಸೋಂ ಹೋದ್ರವ್ವ."

ಉರ್ದುವಿನಲ್ಲಿ ಪರಸೋಂ ಅಂದರೆ ಮೊನ್ನೆ. ಎರಡು ದಿನ ಮೊದಲು ಬಂದಿದ್ದರೆ ಸಿಗುತ್ತಿದ್ದರಲ್ಲ ಎಂದು ಅಲ್ಲೇ ಅಳತೊಡಗಿದೆ. ಕಾಕುಗೆ ನನ್ನ ತಪ್ಪು ತಿಳಿಯಿತು. "ಎರಡ ದಿನ ಅಲ್ಲವ್ವ. ಹ್ವಾದ ವರ್ಷ ಶ್ರಾವಣದಾಗ" ಎಂದರು. ಹೈದರಾಬಾದಿನ ಪರಸೋಂ ಎರಡು ದಿನಕ್ಕೂ ಆಗುತ್ತದೆ, ಎರಡು ವರ್ಷಕ್ಕೂ ಆಗುತ್ತದೆ. ಇಷ್ಟು ವರ್ಷ ಈ ಊರಿನಲ್ಲಿದ್ದೂ ನನಗದು ಗೊತ್ತಿರಲಿಲ್ಲ. ಎರಡು ದಿನ ತಪ್ಪಿದ್ದರೆ ಹಣೆಬರಹ ಅಂದುಕೊಳ್ಳಬಹುದಿತ್ತು. ನಾನು ಎರಡು ರಜೆಗಳನ್ನು ಕೈಯಾರೆ ತಪ್ಪಿಸಿದ್ದೆ.

"ಬ್ಯಾರೆ ಹುಡುಗ್ರು ಆ ಕಥಿ ಹೇಳಾಕ ಬಂದ್ರ ಕಿವಿ ಮುಚ್ಕೋತಿದ್ರು ನೋಡು," ಎಂದರು ಕಾಕು. "'ಆಕಿ ಬರ್ತಾಳ, ಆಕಿ ಬಾಯಿಂದನ ಕೇಳ್ತೀನಿ' ಅಂತಿದ್ರು." ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು…

ಈಗ ಆ ಕೋಣೆಯಲ್ಲಿ ಟೈರಿನ ಅಂಗಡಿಯಿದೆ, ಕಾಕು ಊರಿಗೆ ಹೋದರಂತೆ. ಮಗಳು ಆಗಲೇ ಅರ್ಧ ಪುಸ್ತಕ ಮುಗಿಸಿದ್ದಾಳೆ, ಊಟಕ್ಕೆ ಕರೆದರೆ ಓಗೊಡುತ್ತಿಲ್ಲ. ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತ ಕಾಕಾನನ್ನೇ ನೆನೆಯುತ್ತಿದ್ದೇನೆ. ಆ ದೋಣಿಯ ಹುಡುಗಿಗೆ ತಮ್ಮ ಸಿಗುತ್ತಾನೆ. ಕೊನೆಯ ಪುಟದಲ್ಲಿ ಹುಟ್ಟು ಯಾರು ಹಾಕಬೇಕೆಂದು ಇಬ್ಬರೂ ಜಗಳವಾಡುತ್ತ ಮನೆಗೆ ಬರುತ್ತಾರೆ. ಎರಡು ನಿಮಿಷದ ಮಾತು. ಹುಡುಗ ಬದುಕಿದ್ದಾನೆಂಬ ಸುದ್ದಿ ಹತ್ತು ತಿಂಗಳು ನನ್ನ ಹತ್ತಿರವೇ ಇತ್ತು, ಕಾಕಾನಿಗೆ ಹೇಳಲಿಲ್ಲ.