ಹತ್ತಿಮತ್ತೂರಿನಲ್ಲಿ ಸಿನಿಮಾ ತೋರಿಸಿದ್ದು

ಹಾನಗಲ್ಲು, ಹಿರೇಕೆರೂರು ಕಡೆಯ ಮದುವೆಗಳಿಗೆ ವಿಡಿಯೋ ಮಾಡುವುದು ನನ್ನ ಹೊಟ್ಟೆಪಾಡು. ಸೀಜನ್ ಮುಗಿದ ಮೇಲೆ ನನಗೆ ಬೇಕಾದ ಸಾಕ್ಷ್ಯಚಿತ್ರ ಮಾಡುತ್ತೇನೆ. ಕ್ಯಾಮೆರಾ ಹಿಡಿಯುವವಳೂ ನಾನೇ, ಶಿಗ್ಗಾಂವಿಯ ಬಾಡಿಗೆ ಕೋಣೆಯಲ್ಲಿ ಕೂತು ಎಡಿಟ್ ಮಾಡುವವಳೂ ನಾನೇ.

ಸವಣೂರಿನ ಟೇಲರ್ ಅಕ್ಕ ಸಿಕ್ಕಿದ್ದು ಅಂಥದೊಂದು ಮದುವೆಯಲ್ಲಿ. ಮದುಮಗಳ ಕುಪ್ಪಸ ಬಿಗಿಯಾಗಿತ್ತೆಂದು ಅವರನ್ನು ಕರೆಸಿದ್ದರು. ಹೊಲಿಗೆ ಬಿಚ್ಚುತ್ತಾ, "ನಾ ನನ್ನ ಮದುವಿ ದಿನಾನ ಮನೀ ಬಿಟ್ಟು ಹೋದಾಕಿ" ಅಂದರು, ಸಂತೆಗೆ ಹೋಗಿಬಂದೆ ಅನ್ನುವ ಹಾಗೆ.

ಆಮೇಲೆ ಕ್ಯಾಮೆರಾ ಮುಂದೆ ಎಲ್ಲ ಹೇಳಿದರು. ಹತ್ತಿಮತ್ತೂರಿನ ಮನೆ. ವರನಿಗೆ ಹೆಚ್ಚುಕಡಿಮೆ ಅಪ್ಪನ ವಯಸ್ಸು. ಬೇಡವೆಂದು ಅತ್ತರೂ ಅಪ್ಪ ಕೇಳಲಿಲ್ಲ. ಮೈಗೆ ಹಚ್ಚಿದ ಅರಿಶಿಣದಲ್ಲೇ ನಸುಕಿನಲ್ಲಿ ಹಿತ್ತಲಿಂದ ಹೊರಟು, ಯಲವಿಗಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯ ಚಿಕ್ಕಮ್ಮನ ಮನೆ ಸೇರಿದರು. ಹೊಲಿಗೆ ಕಲಿತರು. ಅಪ್ಪ ತೀರಿಕೊಂಡ ಮೇಲೆಯೇ ಈ ಕಡೆ ಬಂದು ಅಂಗಡಿ ಇಟ್ಟದ್ದು.

ಚಿತ್ರ ಮುಗಿದಾಗ ಅಕ್ಕ ಹಟ ಹಿಡಿದರು. "ಮೊದಲ ನಮ್ಮೂರಾಗ ತೋರ್ಸು. ಅಣ್ಣ ನೋಡ್ಲಿ."

ನನಗೆ ಹೆದರಿಕೆಯಾಯಿತು. ಅಕ್ಕನ ಅಣ್ಣ ಈಗ ಊರಿನ ಹಿರಿಯರು. ಆ ದಿನದ ಮಾತನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. "ಆ ಭಾಗ ತಗದುಬಿಡ್ಲೇನ್ರಿ?" ಎಂದೆ.

"ಅದನ್ನ ತಗದ್ರ ಉಳಿಯೋದೇನು, ಹೊಲಿಗಿ ಮಷಿನ್ನಾ? ಇರ್ಲಿ ಬಿಡು."

ಭಾನುವಾರ ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿ ಚಿತ್ರ ತೋರಿಸಿದೆವು. ನಾನು ಪರದೆ ನೋಡಲೇ ಇಲ್ಲ, ಮುಂದಿನ ಸಾಲಿನಲ್ಲಿ ಅಲುಗಾಡದೆ ಕೂತಿದ್ದ ಅಣ್ಣನ ಬೆನ್ನನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಅವರು ಎದ್ದು ನೇರ ನನ್ನ ಹತ್ತಿರ ಬಂದರು.

"ಇದರಾಗ ಒಂದು ತಪ್ಪೈತ್ರಿ," ಅಂದರು. "ಆಕಿ ಒಬ್ಬಾಕೀನ ಹೋದ್ಲು ಅಂತ ತೋರ್ಸೀರಿ. ಸೈಕಲ್ ಮ್ಯಾಲ ಕುಂದರಿಸಿಕೊಂಡು ಸ್ಟೇಷನ್ ತನಕ ಬಿಟ್ಟು ಬಂದಾವ ನಾನು. ನನ್ನ ಯಾಕ ಬಿಟ್ರಿ?"

ನಾನು ಅಕ್ಕನ ಕಡೆ ತಿರುಗಿದೆ. ಅವರು ಅಣ್ಣನಿಗೇ ಉತ್ತರ ಕೊಟ್ಟರು. "ಯಾರಿಗೂ ಹೇಳಬ್ಯಾಡ ಅಂತ ನೀನ ಆಣಿ ಮಾಡ್ಸಿದ್ಯಲ್ಲ. ಅಪ್ಪಗ ತಿಳಿದಿದ್ರ ನಿನ್ನನ್ನ ಹೊರಗ ಹಾಕತಿದ್ದ."

"ಅಪ್ಪ ಹೋಗಿ ಎಷ್ಟ ವರ್ಷಾತು. ಈಗರ ಹೇಳು."

ಯಾರೋ ನಕ್ಕರು, ಆಮೇಲೆ ಇಡೀ ಕೋಣೆ ನಕ್ಕಿತು. ನಾನು ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದೆ. ಮನಸ್ಸು ಹಗುರಾಗಿತ್ತು.

ಮರುದಿನ ಇಬ್ಬರನ್ನೂ ಯಲವಿಗಿ ರಸ್ತೆಯಲ್ಲಿ ನಡೆಸಿ ಚಿತ್ರೀಕರಿಸಿದೆ. ಅಣ್ಣ ಇನ್ನೊಂದು ಸಂಗತಿ ಹೇಳಿದರು. "ವಾಪಸ್ ಬಂದು ಅಪ್ಪನ ಜೋಡಿ ನಾನೂ ಹುಡುಕಾಕ ಹೋದೆ. ಹಾನಗಲ್ಲ ಬಸ್ ಹತ್ಯಾಳ ಅಂತ ಹೇಳಿ, ಅಪ್ಪನ್ನ ಆ ಕಡೆ ಕರಕೊಂಡು ಹೋದೆ."

ಅಕ್ಕನಿಗೂ ಅದು ಗೊತ್ತಿರಲಿಲ್ಲ. ನಗು ತಡೆಯಲಾರದೆ ರಸ್ತೆ ಬದಿಯ ಸೇತುವೆ ಕಟ್ಟೆಯ ಮೇಲೆ ಕೂತುಬಿಟ್ಟರು. ಅಣ್ಣನೂ ಪಕ್ಕದಲ್ಲಿ ಕೂತರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ.